ಗಂಜಿ ಹಚ್ಚಿದ ದೋಣಿ

ನಮ್ಮ ಮನೆಯ ಅಟ್ಟದಿಂದ ಆಗಾಗ ಹಿಟ್ಟು ಉದುರುತ್ತದೆ. ಅದರ ಕೆಳಗೇ ನನ್ನ ಕುರ್ಚಿ ಇರುವುದರಿಂದ ಉದುರುವುದು ನನ್ನ ತಲೆಯ ಮೇಲೆಯೇ. ಮೊದಲ ಸಲ ಉದುರಿದಾಗ ಗೆದ್ದಲೋ, ಸ್ಲ್ಯಾಬಿನ ಸಿಮೆಂಟೋ ಅಥವಾ ನನ್ನದೇ ತಲೆಹೊಟ್ಟೋ ಎಂದು ಮೂರೂ ಚಿಂತೆಗಳನ್ನು ಒಟ್ಟಿಗೇ ಮಾಡಿ ಸುಸ್ತಾಗಿದ್ದೆ. ನನ್ನ ಹೆಂಡತಿ ಸುಮಿತ್ರಾ ಕಸಬರಿಗೆ ಹಿಡಿದು ಬಂದವಳು ನನ್ನ ತಲೆಯ ಮೇಲಿನದನ್ನು ಬೆರಳಿಗೆ ಹಚ್ಚಿ ನೋಡಿ ತೀರ್ಪು ಕೊಟ್ಟಳು.

"ಗೆದ್ದಲ ಅಲ್ರಿ. ನಿಮ್ಮ ದೋಣಿ ಉದರಾಕತ್ತೈತಿ."

ಅಟ್ಟದ ಮೇಲೆ ದೋಣಿಯೇ, ಅದೂ ಹಿಟ್ಟು ಉದುರಿಸುವ ದೋಣಿಯೇ ಎಂದು ನೀವು ಕೇಳುವ ಮೊದಲು ಹೇಳಿಬಿಡುತ್ತೇನೆ. ಇದು ಮಡಚುವ ದೋಣಿ. ಒಂದಷ್ಟು ಕೋಲು, ಪಕ್ಕೆಲುಬಿನಂಥ ಏಳೆಂಟು ಚೌಕಟ್ಟು, ಅವುಗಳ ಮೇಲೆ ಎಳೆದು ಕೂರಿಸುವ ದಪ್ಪ ಬಟ್ಟೆಯ ಹೊದಿಕೆ. ಬಟ್ಟೆಯ ತಳಕ್ಕೆ ರಬ್ಬರಿನ ಲೇಪ. ಬಿಚ್ಚಿದರೆ ಒಂದು ಚೀಲದಲ್ಲಿ ಹಿಡಿಸುತ್ತದೆ, ಜೋಡಿಸಿದರೆ ಇಬ್ಬರು ಮನುಷ್ಯರನ್ನು ಹಿಡಿಸಿಕೊಳ್ಳುತ್ತದೆ. ಜೊತೆಗೆ ಬಂದಿದ್ದ ಕಾಗದದಲ್ಲಿ ಒಂದು ಚಿತ್ರವಿತ್ತು. ಯಾವುದೋ ದೇಶದ ಕಾಡಿನ ನಡುವೆ, ನರಪಿಳ್ಳೆಯೂ ಇಲ್ಲದ ನದಿಯಲ್ಲಿ ಗಂಡಹೆಂಡತಿಯಂಥ ಇಬ್ಬರು ಇಂಥದೇ ದೋಣಿಯಲ್ಲಿ ಕೂತು ನಗುತ್ತ ಹೊರಟಿದ್ದರು. ಅಂಥ ಜಾಗದಲ್ಲಿ ನಗುವಂಥದ್ದು ಅವರಿಗೇನು ಸಿಕ್ಕಿತೆಂದು ನನಗೆ ಆಗ ತಿಳಿಯಲಿಲ್ಲ. ಫೋಟೋ ತೆಗೆದವನಾದರೂ ಹತ್ತಿರದಲ್ಲಿ ಇದ್ದಿರಬೇಕಲ್ಲ ಎಂಬುದೊಂದೇ ಸಮಾಧಾನ.

ದೋಣಿ ನನ್ನದಲ್ಲ. ನಮ್ಮ ಕಚೇರಿಗೆ ಒಬ್ಬ ಮ್ಯಾನೇಜರರು ಬಂದಿದ್ದರು. ದಕ್ಷಿಣದ ಕಡೆಯವರು, ಉತ್ಸಾಹಿ. ಬಾಗಲಕೋಟೆಯ ಹಿನ್ನೀರು ಕಂಡು ಹುರುಪೆದ್ದು ಇದನ್ನು ತರಿಸಿಕೊಂಡರು. ದೋಣಿ ಬಂದ ವಾರವೇ ಅವರಿಗೆ ವರ್ಗವಾಯಿತು. "ನಿಮ್ಮಲ್ಲಿ ಇಟ್ಟಿರಿ, ಆಮೇಲೆ ತರಿಸಿಕೊಳ್ತೇನೆ" ಎಂದು ಚೀಲವನ್ನು ನನ್ನ ಕೈಗೆ ಹಾಕಿ ಹೋದರು. ಆಮೇಲೆ ಕೇಳಿದರೆ, "ನೀವೇ ಉಪಯೋಗಿಸಿ ಸಾರ್" ಎಂದುಬಿಟ್ಟರು. ನಾನು ವಿಮಾ ಕಚೇರಿಯವನು. ಕಂಡವರ ಮನೆಗೆ ಬೆಂಕಿ ಬೀಳುವುದನ್ನೂ ಕಾಣದವರ ಎಮ್ಮೆ ಸಾಯುವುದನ್ನೂ ಮುಂಚಿತವಾಗಿ ಕಲ್ಪಿಸಿಕೊಳ್ಳುವುದೇ ನನ್ನ ಉದ್ಯೋಗ. ಆ ಕೆಲಸವನ್ನು ಸಂಜೆ ಕಚೇರಿಯಲ್ಲಿಯೇ ಬಿಟ್ಟು ಬರುವುದು ನನಗೆ ಎಂದೂ ಸಾಧ್ಯವಾಗಿಲ್ಲ. ಅಂಥವನ ಅಟ್ಟದಲ್ಲಿ ದೋಣಿಗೆ ಸಿಗಬೇಕಾದ ಗತಿಯೇ ಇದಕ್ಕೂ ಸಿಕ್ಕಿತು. ಉಪ್ಪಿನಕಾಯಿಯ ಭರಣಿಗೂ ಹಳೆಯ ಕೂಲರಿಗೂ ನಡುವೆ ಹಲವು ಮಳೆಗಾಲ ಅದು ಒಣಗಿಯೇ ಕಳೆಯಿತು.

ಅದನ್ನು ಕೆಳಗಿಳಿಸಿದವಳು ನನ್ನ ಅಕ್ಕ ಗಂಗವ್ವ.

ನಾವು ಇಳಕಲ್ಲಿನ ನೇಕಾರರು. 'ನಾವು' ಎನ್ನುವಾಗ ನನಗೇ ಸಂಕೋಚವಾಗುತ್ತದೆ. ನಾನು ನೂಲು ಮುಟ್ಟಿದ್ದರೆ ಅದು ಗಾಳಿಪಟಕ್ಕೆ ಮಾತ್ರ. ಅಪ್ಪನ ಕುಣಿಮಗ್ಗ ಅಪ್ಪನ ನಂತರ ಅಕ್ಕನ ಮನೆಗೆ ಹೋಯಿತು. ಕುಣಿಮಗ್ಗ ಎಂದರೆ ನೆಲದಲ್ಲಿ ಒಂದು ಕುಣಿ ತೋಡಿರುತ್ತಾರೆ. ನೇಯುವವರು ಅದರ ಅಂಚಿನ ಮೇಲೆ ಕೂತು, ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟು, ಕೆಳಗಿನ ಹಲಗೆಗಳನ್ನು ತುಳಿಯುತ್ತ ಲಾಳಿ ಎಸೆಯುತ್ತಾರೆ. ಸೊಂಟದ ಮೇಲಿನ ಮನುಷ್ಯ ಮನೆಯಲ್ಲಿ, ಸೊಂಟದ ಕೆಳಗಿನವ ಭೂಮಿಯಲ್ಲಿ. ಅಕ್ಕ ಮದುವೆಯಾದಂದಿನಿಂದ ಇಂಥ ಕುಣಿಯಲ್ಲೇ ಕೂತವಳು. ಅವಳ ಕೇರಿಯಲ್ಲಿ ಅತ್ತೆಯರು ಸೊಸೆಯರಿಗೆ ಅವಳನ್ನೇ ತೋರಿಸುತ್ತಿದ್ದರು. "ಗಂಗವ್ವನ ನೋಡಿ ಕಲೀರಿ, ಈ ವಯಸ್ಸಿನಾಗೂ ಮುಂಜಾನಿ ಮಗ್ಗಕ್ಕ ಇಳದ್ರ ಸಂಜಿಮಟ ಚಾ ಕುಡಿಯಾಕ ಸುದ್ದಾ ಏಳೂದಿಲ್ಲ." ನಾನೂ ಕಚೇರಿಯಲ್ಲಿ ಇದನ್ನು ಹೇಳಿಕೊಂಡು ಎದೆಯುಬ್ಬಿಸಿದ್ದುಂಟು. ಸಂಬಂಧಿಕರ ದುಡಿಮೆಯ ಬಗ್ಗೆ ಹೆಮ್ಮೆಪಡುವುದು ಭಾರಿ ಸುಲಭದ ಕೆಲಸ ನೋಡಿ.

ಅವಳ ಮೊಣಕಾಲು ಎರಡೂ ಸವೆದಿದ್ದವು. ಬಾಗಲಕೋಟೆಯ ಡಾಕ್ಟರು ಎಕ್ಸ್‌ರೇ ಚಿತ್ರ ಹಿಡಿದು ತೋರಿಸಿ, ಎರಡನ್ನೂ ಬದಲಿಸಬೇಕು, ಆಮೇಲೆ ಕೋಲು ಹಿಡಿಯದೆ ನಡೆಯಬಹುದು, ಆದರೆ ನೆಲಕ್ಕೆ ಕೂರುವುದು, ಕುಣಿಗೆ ಇಳಿಯುವುದು ಎಲ್ಲ ಬಂದ್ ಎಂದರು. ಅಕ್ಕ ಮೊದಲ ಅರ್ಧವನ್ನು ಕೇಳಿಸಿಕೊಳ್ಳಲೇ ಇಲ್ಲ. ಅಲ್ಲಿಂದ ಶುರುವಾಯಿತು ಮುಂದೂಡಿಕೆ. "ಆಷಾಢ ಮುಗೀಲಿ." ಮುಗಿಯಿತು. "ಶ್ರಾವಣದಾಗ ಯಾರರ ಮೈ ಕೊಯ್ಸಿಕೊಂತಾರೇನು?" ಅದೂ ಸರಿ. ಆಮೇಲೆ ಪಿತೃಪಕ್ಷ, ಆಮೇಲೆ ದಸರೆಯ ಸೀರೆಯ ಗಿರಾಕಿ. ಪಂಚಾಂಗದಲ್ಲಿ ಮೊಣಕಾಲಿಗೆ ಒಳ್ಳೆಯ ದಿನವೇ ಇರಲಿಲ್ಲ. ದೀಪಾವಳಿ ಕಳೆದ ಮೇಲೆ ಮತ್ತೊಮ್ಮೆ ತೋರಿಸೋಣವೆಂದು ನಾನೇ ಅವಳನ್ನು ಬಾಗಲಕೋಟೆಯ ನವನಗರದ ನಮ್ಮ ಮನೆಗೆ ಕರೆತಂದೆ. ನಿಜ ಹೇಳುತ್ತೇನೆ, ಆ ಹೊತ್ತಿಗೆ ನನಗೆ ಸಾಕಾಗಿತ್ತು. ಆಪರೇಷನ್ ಆದರೆ ಏನಾಗುವುದೋ ಎಂಬುದು ಒಂದು ಚಿಂತೆ, ಆಗದಿದ್ದರೆ ಏನಾಗುವುದೋ ಎಂಬುದು ಇನ್ನೊಂದು. ಎರಡೂ ಎತ್ತು ಒಂದೊಂದು ದಿಕ್ಕಿಗೆ ಎಳೆದರೆ ಗಾಡಿಯ ಪಾಡೇನು?

ಅವಳಿಗೆ ಹಾಸಲೆಂದು ಅಟ್ಟದಿಂದ ಗಾದಿ ಇಳಿಸುವಾಗ ಚೀಲವೂ ಜಾರಿ ಕೆಳಗೆ ಬಿತ್ತು.

"ಅದೇನೋ ತಮ್ಮಾ, ಹಾರ್ಮೋನಿಯಂ ಕಲಿಯಾಕತ್ತೀ ಏನು?"

"ಅಲ್ಲಕ್ಕಾ, ದೋಣಿ."

"ದೋಣಿ?"

"ಮಡಚೂ ದೋಣಿ. ಬೇಕಂದಾಗ ಬಿಚ್ಚಿ ಜೋಡಸೂದು, ಬ್ಯಾಡಂದಾಗ ಮಡಚೂದು."

ಅಕ್ಕ ಚೀಲವನ್ನು ಕೋಲಿನಿಂದ ತಿವಿದು ನೋಡಿದಳು. "ಮಡಚಿದ ಮ್ಯಾಲ ಒಳಗ ಕುಂತಾಕಿ ಏನಾಗ್ತಾಳ?"

ಸುಮಿತ್ರಾ ಅಡುಗೆಮನೆಯಿಂದಲೇ ನಕ್ಕಳು. ಅಕ್ಕ ನಗಲಿಲ್ಲ. ಮೊಣಕಾಲಿನ ಮೇಲೆ ಕೈಯಿಟ್ಟು, "ಅದರಾಗ ನನ್ನ ಹೊಳಿಗೆ ಕರಕೊಂಡು ಹೋಗು. ಹೋಗಿ ಬಂದ ಮ್ಯಾಲ ದವಾಖಾನಿ ಮಾತ ಆಡೂಣು" ಎಂದಳು.

ಇದರ ಹಿಂದೆ ಒಂದು ಹರಗೋಲಿನ ಕತೆಯಿದೆ. ನಮ್ಮ ಸಣ್ಣಂದಿನಲ್ಲಿ ಸಂಕ್ರಾಂತಿಗೆ ಮೈಗೆ ಎಳ್ಳು ಹಚ್ಚಿಕೊಂಡು ಕೂಡಲಸಂಗಮಕ್ಕೆ ಹೊಳೆಯ ಸ್ನಾನಕ್ಕೆ ಹೋಗುವುದು ರೂಢಿ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ, ಗಟ್ಟಿ ಮೊಸರು, ಎಲ್ಲ ಸೇರಿ ಬುತ್ತಿಯ ಗಂಟು ಒಂದು ಕೂಸಿನಷ್ಟು ತೂಗುತ್ತಿತ್ತು. ಸ್ನಾನವಾದ ಮೇಲೆ ಅಪ್ಪ ನಮ್ಮನ್ನು ಹರಗೋಲಿನಲ್ಲಿ ಕೂರಿಸಿ ಒಂದು ಸುತ್ತು ಹಾಕಿಸುತ್ತಿದ್ದ. ನಮ್ಮನ್ನು ಎಂದರೆ ಅವ್ವ, ಅಪ್ಪ, ನಾನು. "ಬುತ್ತಿ ಕಾಯಾಕ ಒಬ್ಬರು ಬೇಕಲ್ಲ" ಎಂದು ಅಕ್ಕನನ್ನು ದಂಡೆಯ ಮೇಲೆ ಬಿಡುತ್ತಿದ್ದ. ದಂಡೆಯಲ್ಲಿ ನಾಯಿಗಳ ಕಾಟ, ಮೇಲೆ ಕಾಗೆ. ಪ್ರತಿ ವರ್ಷವೂ ಬುತ್ತಿಯಿತ್ತು, ಪ್ರತಿ ವರ್ಷವೂ ನಾಯಿಗಳಿದ್ದವು. ಹರಗೋಲು ಗಿರಗಿರ ತಿರುಗಿದಂತೆ ನನಗೆ ಹೊಟ್ಟೆ ತೊಳೆಸಿ, ದಂಡೆಗೆ ಬಂದು ವಾಂತಿ ಮಾಡಿಕೊಳ್ಳುತ್ತಿದ್ದೆ, ಅಕ್ಕ ನನ್ನ ಹಣೆ ಹಿಡಿದುಕೊಂಡು, "ಹೆಂಗಿತ್ತೋ ಒಳಗ?" ಎಂದು ಕೇಳುತ್ತಿದ್ದಳು. ನಾನು ಆ ಪ್ರಶ್ನೆಗೆ ಬಾಯಿಯಿಂದ ಕೊಡುತ್ತಿದ್ದ ಉತ್ತರವನ್ನು ಅವಳು ನಂಬಿರಲಿಲ್ಲವೆಂದು ಕಾಣುತ್ತದೆ.

ಜೋಡಿಸಿ ನೋಡೋಣವೆಂದು ದೋಣಿಯನ್ನು ಮಾಳಿಗೆಗೆ ಒಯ್ದೆ. ಅರ್ಧ ದಿನ ಹಿಡಿಯಿತು. ಕಡೆಯ ಚೌಕಟ್ಟನ್ನು ಒದ್ದು ಕೂರಿಸಬೇಕೆಂದು ಜೊತೆಗಿದ್ದ ಕಾಗದದಲ್ಲಿತ್ತು. ನಾನು ಒದ್ದದ್ದಕ್ಕೆ ಮಾಳಿಗೆಯ ನೀರಿನ ಪೈಪು ಸಡಿಲಾಯಿತು. ಅಕ್ಕ ಕುರ್ಚಿ ಹಾಕಿಸಿಕೊಂಡು ಕೂತು ದೋಣಿಯ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ ನೋಡಿದಳು. ಇಳಕಲ್ಲಿನವರು ಯಾರ ಮೈಮೇಲಿನ ಬಟ್ಟೆಯನ್ನಾದರೂ ಹೀಗೆ ಹೇಳದೆ ಕೇಳದೆ ತಿಕ್ಕಿ ನೋಡುತ್ತಾರೆ. ಬಸ್ಸಿನಲ್ಲಿ ಇದರಿಂದ ಜಗಳವಾದದ್ದೂ ಉಂಟು.

"ಮೆತ್ತಗ ಐತಿ. ಗಂಜೀನ ಇಲ್ಲ ಇದಕ್ಕ" ಎಂದಳು.

ಮರುದಿನ ಕಚೇರಿಯಿಂದ ಬಂದು ನೋಡುತ್ತೇನೆ, ಮಾಳಿಗೆಯ ಮೇಲೆ ದೋಣಿ ಬೆಳ್ಳಗೆ ಬಿಸಿಲಿಗೆ ಕವುಚಿ ಬಿದ್ದಿದೆ. ಅಕ್ಕ ಜೋಳದ ಹಿಟ್ಟಿನ ಗಂಜಿ ಕಾಸಿ, ಸುಮಿತ್ರಾಳ ಕೈಯಿಂದ ಸುಣ್ಣದ ಕುಂಚದಲ್ಲಿ ಎರಡು ಸಲ ಬಳಿಸಿದ್ದಳು. ಒಳಗೊಂದು ಪದರು, ಹೊರಗೊಂದು ಪದರು. ಬೆರಳಿಂದ ಬಡಿದರೆ ಟಣ್ ಎನ್ನುತ್ತಿತ್ತು.

"ಹಪ್ಪಳ ಆಗೈತ್ರಿ. ಕರಿಯೂದೊಂದ ಬಾಕಿ" ಎಂದಳು ಸುಮಿತ್ರಾ.

ಯಾರಾದರೂ ಬುದ್ಧಿ ನೆಟ್ಟಗಿದ್ದವರು, ನೀರಿಗೆ ಇಳಿಯುವ ವಸ್ತುವಿಗೆ ಗಂಜಿಯೇ ಎಂದು ಕೇಳುತ್ತಿದ್ದರು. ನಾನು ಕೇಳಲಿಲ್ಲ. ಎಲ್ಲದಕ್ಕೂ ಹೆದರುವ ನಾನು ಅದಕ್ಕೆ ಹೆದರಲಿಲ್ಲ. ಗಂಜಿ ಕುಡಿದ ಎಳೆ ಹರಿಯುವುದಿಲ್ಲ ಎಂಬುದನ್ನು ನಾನು ತೊಟ್ಟಿಲಲ್ಲಿಯೇ ಕೇಳಿ ಬೆಳೆದವನು. ನಮ್ಮ ಕೇರಿಯಲ್ಲಿ ಹಾಸಿನ ನೂಲಿಗೂ ಗಂಜಿಯೇ, ಬಾಣಂತಿಗೂ ಗಂಜಿಯೇ. ಬಡಿದು ನೋಡಿ, ಟಣ್ ಎಂದದ್ದು ಕೇಳಿ, ಹಲವು ವಾರಗಳಲ್ಲಿ ಮೊದಲ ಬಾರಿಗೆ ನಿಶ್ಚಿಂತೆಯಿಂದ ಮಲಗಿದೆ. ಇರುವೆಗಳು ಮಾತ್ರ ಅಂದು ಮಲಗಲಿಲ್ಲ.

ಸಂಗಮದ ಕಡೆ ಜನ ಬಹಳ. ನಮ್ಮಿಬ್ಬರನ್ನು ಆ ಅವತಾರದಲ್ಲಿ ಯಾರೂ ನೋಡಬಾರದೆಂದು ಐಹೊಳೆಯಿಂದ ಕೆಳಗೆ ಮಲಪ್ರಭೆಯ ಒಂದು ಒಂಟಿ ಜಾಗ ಹುಡುಕಿದೆ. ಗುಡಿಗಳೂ ಗೈಡುಗಳೂ ಹಿಂದುಳಿದು, ಎರಡೂ ದಂಡೆಗೆ ಬರೀ ಜಾಲಿಯ ಕಂಟಿ, ಕೆಂಪು ಬಂಡೆ, ಆಚೆಗೆ ಎರೆಹೊಲ. ಊರು ಕಾಣದು, ಫೋನು ಹತ್ತದು. ಯಾರೂ ಇಲ್ಲದ ಜಾಗ ಬೇಕೆಂದು ಹುಡುಕಿದವನು ನಾನೇ. ಅಲ್ಲಿ ಇಳಿದ ಮೇಲೆ, ಏನಾದರೂ ಆದರೆ ಕೂಗಿದರೂ ಕೇಳುವವರಿಲ್ಲವಲ್ಲ ಎಂದು ನಾಲ್ಕೂ ಕಡೆ ಕಣ್ಣಾಡಿಸಿದವನೂ ನಾನೇ.

ನಮ್ಮನ್ನು ಕರೆತಂದವನು ಮೂರು ಗಾಲಿಯ ಟಂಟಂ ಗಾಡಿಯ ಮೈಬೂಸಾಬ. ನಮ್ಮ ಓಣಿಯವನೇ. ಅವನು ನಮ್ಮನ್ನು ಇಳಿಸಿ, ರಸ್ತೆಯಿಂದ ಸುತ್ತು ಹಾಕಿ, ಹೊಳೆಯ ತಿರುವಿನಾಚೆ ಎಮ್ಮೆಗಳು ನೀರಿಗಿಳಿಯುವ ದಂಡೆಯಲ್ಲಿ ಕಾಯಬೇಕು. ನಾನು ಅಕ್ಕನಿಗೆ ಲೈಫ್ ಜಾಕೆಟ್ ತೊಡಿಸಿದೆ, ನಾನೂ ತೊಟ್ಟೆ, ದೋಣಿಯ ಎರಡೂ ಬದಿಗೆ ಖಾಲಿ ಎಣ್ಣೆ ಕ್ಯಾನು ಕಟ್ಟಿದೆ, ಹಿಂದೆ ಒಂದು ಟಯರಿನ ಟ್ಯೂಬು ಬಿಗಿದೆ.

"ಸಾಹೇಬ್ರ, ಇಷ್ಟೆಲ್ಲ ಕಟ್ಟಿದ ಮ್ಯಾಲ ದೋಣಿ ಯಾಕ ಬೇಕಿತ್ರಿ?" ಎಂದ ಮೈಬೂಸಾಬ.

ಒಂದು ಬಂಡೆಯ ಪಕ್ಕಕ್ಕೆ ದೋಣಿ ತಂದು, ಅಕ್ಕನನ್ನು ಬಂಡೆಯ ಮೇಲೆ ಕೂರಿಸಿ, ಇಬ್ಬರೂ ರಟ್ಟೆ ಹಿಡಿದು ಮೆಲ್ಲಗೆ ಒಳಗಿಳಿಸಿದೆವು. ಅವಳು ಕಾಲುಗಳನ್ನು ಮುಂದಿನ ಚೌಕಟ್ಟಿನಡಿ ಉದ್ದಕ್ಕೆ ಚಾಚಿ, ಸೊಂಟದವರೆಗೆ ಒಳಗೆ ಹೋಗಿ ಸುತ್ತಲೂ ನೋಡಿದಳು.

"ಮಗ್ಗದಾಗ ಕುಂತಂಗ ಐತಿ ತಮ್ಮಾ."

"ಕಾಲು ನೋಯ್ತಾವೇನು?"

"ಇಳಿಯೂದು ಯಾವಾಗೂ ಸರಳ" ಎಂದಳು. ನಾನು ಆ ಮಾತಿನ ಹಿಂದೆ ಹೋಗಲಿಲ್ಲ. ಟ್ಯೂಬಿನ ಗಂಟು ಬಿಗಿಯಾಗಿದೆಯೇ ನೋಡುತ್ತಿದ್ದೆ.

ಹುಟ್ಟುಗಳು ಎರಡಿದ್ದವು, ಒಂದೊಂದಕ್ಕೂ ಎರಡೂ ತುದಿಯಲ್ಲಿ ಸೌಟಿನಂಥ ಹಲಗೆ. ಎಡಕ್ಕೊಮ್ಮೆ, ಬಲಕ್ಕೊಮ್ಮೆ ಹಾಕಬೇಕು. ಅಕ್ಕ ಎಡಕ್ಕೆ ಹಾಕಿದಾಗ ನಾನು ಬಲಕ್ಕೆ ಹಾಕಿದೆ, ಅವಳು ಬಲಕ್ಕೆ ಬಂದಾಗ ನನ್ನ ಹುಟ್ಟು ಅವಳ ಹುಟ್ಟಿಗೆ ಬಡಿಯಿತು, ದೋಣಿ ಹಟಮಾರಿ ಎಮ್ಮೆಯಂತೆ ಅಡ್ಡ ನಿಂತಿತು. "ನೀ ಸುಮ್ನಿರು", "ನೀನಽ ಸುಮ್ನಿರು" ಎಂದು ಇಬ್ಬರೂ ಜಗಳಾಡಿ, ಒಮ್ಮೆ ಹಿಂದುಮುಂದಾಗಿ ಸಾಗಿ, ಒಂದು ಕಂಟಿಗೆ ತಲೆಕೊಟ್ಟೆವು. ಆಮೇಲೆ ಅಕ್ಕ ಬಾಯಿಯಲ್ಲಿ "ಕಟಕ್... ಕಟಕ್..." ಎನ್ನತೊಡಗಿದಳು. ಅಪ್ಪನ ಮಗ್ಗದ ಸದ್ದು. ಲಾಳಿ ಎಡಕ್ಕೆ, ಲಾಳಿ ಬಲಕ್ಕೆ. ಆ ಸದ್ದಿನಲ್ಲಿ ನಾನು ಮಲಗಿ ಎದ್ದು ಬೆಳೆದವನು. ಕೈ ತಾನಾಗಿ ಅದರ ಹಿಂದೆ ಹೋಯಿತು. ದೋಣಿ ನೆಟ್ಟಗಾಯಿತು. ನೆಟ್ಟಗಾದದ್ದು ಬಹಳ ಹೊತ್ತೇನಲ್ಲ. ಹತ್ತು ಸಲ ಕಟಕ್ ಅನ್ನುವಷ್ಟರಲ್ಲಿ ನನ್ನ ಹೆಗಲು ಸೋತುಹೋಯಿತು. ಕುರ್ಚಿಯಲ್ಲಿ ಕೂತು ಕೂತು ಮೆತ್ತಗಾದ ಹೆಗಲು ಅದು, ಅದಕ್ಕೂ ಯಾರಾದರೂ ಗಂಜಿ ಹಾಕಬೇಕಿತ್ತು.

ಹೀಗೆ ಹುಟ್ಟು ಮಡಿಲಲ್ಲಿಟ್ಟು ತೇಲುತ್ತಿದ್ದಾಗ ದಂಡೆಯ ಮೇಲೆ ಕುರಿಗಳ ಹಿಂಡು ಕಂಡಿತು. ಹೆಗಲ ಮೇಲೆ ಕಂಬಳಿ ಹೊತ್ತ ಕುರುಬನೊಬ್ಬ ಕೋಲಿಗೆ ಗದ್ದ ಊರಿ ನಮ್ಮನ್ನೇ ನೋಡುತ್ತಿದ್ದ.

"ಏನ್ ಮಾರಾಕ ಬಂದೀರಿ?" ಎಂದು ಕೂಗಿದ.

"ಏನೂ ಇಲ್ಲಪಾ!" ಎಂದೆ.

"ಮತ್ತ ಯಾಕ ಹೊಂಟೀರಿ?"

ವಿಮಾ ಕಚೇರಿಯಲ್ಲಿ ಇಂಥ ಪ್ರಶ್ನೆಗಳನ್ನು ಕೇಳುವವನು ನಾನು. ಇಲ್ಲಿ ಉತ್ತರವನ್ನು ಅಕ್ಕನೇ ಕೂಗಿದಳು. "ಬುತ್ತಿ ಉಣ್ಣಾಕ ಹೊಂಟೇವಪಾ!"

"ಅದಕ ದಂಡಿ ಇಲ್ಲೇನಬೇ?"

"ದಂಡಿಮ್ಯಾಲ ಉಂಡಿದ್ದು ಸಾಕಾತು!"

ಅವನು ನಕ್ಕು, "ಹುಷಾರ್ರಿ! ಮುಂದ ಮಡುವಿನಾಗ ಮಸಳಿ ಐತಿ ಅಂತಾರ!" ಎಂದ.

ಮೊಸಳೆ. ಆ ಒಂದು ಮಾತನ್ನು ಅವನು ಮೊದಲೇ ಹೇಳಿದ್ದರೆ ನಾನು ದೋಣಿಯನ್ನೇ ಹೊತ್ತು ಬಾಗಲಕೋಟೆಗೆ ನಡೆಯುತ್ತಿದ್ದೆ. ಈಗ ಮಡುವು ಎದುರಿಗೇ ಇತ್ತು, ಹಸಿರಾಗಿ, ಅಲುಗದೆ. ದೋಣಿ ತಾನೇ ಅದರೊಳಗೆ ಸರಿಯಿತು. ಆಗ ನನ್ನ ಕುಂಡಿಯ ಕೆಳಗೆ ಯಾರೋ ಬಾಗಿಲು ತಟ್ಟಿದಂತೆ ಸದ್ದಾಯಿತು. ಟಕ್. ತುಸು ತಡೆದು ಮತ್ತೊಮ್ಮೆ ಟಕ್ ಟಕ್. ನಾನು ಹುಟ್ಟು ಮೇಲೆತ್ತಿ, ಕಾಲು ಮೇಲೆತ್ತಿ, ಸಾಧ್ಯವಾದದ್ದನ್ನೆಲ್ಲ ಮೇಲೆತ್ತಿ ಕೂತೆ.

"ಅಕ್ಕಾ, ಅಲಗಬ್ಯಾಡ."

"ಅಲಗಾಕ ಬಂದಿದ್ರ ನಿನ್ನ ಡಾಕ್ಟರ್ ಯಾಕ ಬೇಕಿದ್ದ?"

ಸದ್ದು ಹೆಚ್ಚಾಯಿತು. ಎಡಕ್ಕೆ, ಬಲಕ್ಕೆ, ತಳದಲ್ಲಿ, ಬಾಲದಲ್ಲಿ. ಒಂದು ಮೊಸಳೆಯಲ್ಲ, ಮೊಸಳೆಯ ಮದುವೆಯ ದಿಬ್ಬಣವೇ ಬಂದಂತಿತ್ತು. ದೋಣಿಯ ಸುತ್ತ ನೀರು ಬೆಳ್ಳಗಾಗುತ್ತಿತ್ತು, ಅಂಬಲಿ ಚೆಲ್ಲಿದಂತೆ. ನಾನು ಅರಿಯದ ದೇವರಿಗೂ ಹರಕೆ ಹೊತ್ತೆ. ಅಕ್ಕ ಮಾತ್ರ ಬಗ್ಗಿ ನೀರಲ್ಲಿ ಕೈಯಿಟ್ಟಳು.

"ಏ, ನೋಡಲೇ ಇಲ್ಲಿ! ಮೀನಾ!"

ಬೆರಳುದ್ದದವು, ಗೇಣುದ್ದದವು. ನೂರಾರು ಮೀನು ದೋಣಿಯ ಹೊಟ್ಟೆಗೆ ಬಾಯಿ ಹಚ್ಚಿದ್ದವು. ನಮ್ಮ ಗಂಜಿ ಹೊಳೆಯಲ್ಲಿ ಕರಗಿ, ಮಲಪ್ರಭೆಯ ಮೀನುಗಳಿಗೆಲ್ಲ ಊಟದ ಕರೆ ಹೋಗಿತ್ತು. ದೋಣಿಯನ್ನು ಗಟ್ಟಿ ಮಾಡಲು ಹಚ್ಚಿದ್ದು ಎಳೆಎಳೆಯಾಗಿ ಅವುಗಳ ಬಾಯಿಗೆ ಹೋಗುತ್ತಿತ್ತು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಾಗ ಲೈಫ್ ಜಾಕೆಟ್ಟು ಮೇಲೆದ್ದು ಅವಳ ಗದ್ದಕ್ಕೆ ಬಡಿಯುತ್ತಿತ್ತು. "ಇಷ್ಟು ವರ್ಷ ಗಂಜಿ ಕಾಸೀನಿ, ಚಲೋ ಆಗೈತಿ ಅಂತ ಒಬ್ಬರೂ ಅಂದಿರಲಿಲ್ಲೋ ತಮ್ಮಾ!"

ಅಲ್ಲಿಯೇ, ಮಡುವಿನ ನಡುವೆ, ಬುತ್ತಿ ಬಿಚ್ಚಿದೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಅಕ್ಕ ತಾನೊಂದು ತುತ್ತು, ಮೀನಿಗೊಂದು ತುತ್ತು. ಮೊಸಳೆ ಬರಲಿಲ್ಲ, ಬಂದಿದ್ದರೂ ನಾನು ಹೆದರುತ್ತಿದ್ದೆನೋ ಇಲ್ಲವೋ. ಹೆದರಿಕೆಗೂ ಒಂದು ದಣಿವು ಇರುತ್ತದೆ, ಅಂದು ಅದೂ ಕಾಲು ಚಾಚಿ ಕೂತಿತ್ತು. ನೆತ್ತಿಯ ಮೇಲೆ ಬಿಸಿಲು, ಸುತ್ತ ಸದ್ದಿಲ್ಲ. ಆ ಕಾಗದದ ಚಿತ್ರದವರು ಏಕೆ ನಗುತ್ತಿದ್ದರೆಂದು ಅರ್ಧ ಮಾತ್ರ ತಿಳಿದಂತಾಯಿತು.

ಚಟ್ನಿ ಖಾರವಾಗಿತ್ತು. ಬಾಟಲಿ ಚಾಚಿದೆ. "ನೀರು ಕುಡಿ."

"ಒಲ್ಲೆ."

"ಮುಂಜಾನಿಂದ ಹನಿ ನೀರು ಕುಡದಿಲ್ಲ ನೀ. ಮನ್ಯಾಗೂ ಚಾ ಒಲ್ಲೆ ಅಂದಿ."

"ಸುತ್ತ ನೀರ ಐತಲ್ಲೋ, ಮತ್ತ ಒಳಗ ಯಾಕ" ಎಂದು ನಕ್ಕುಬಿಟ್ಟಳು.

ಮೈಬೂಸಾಬ ಕಾಯುತ್ತಿದ್ದ ದಂಡೆಗೆ ಬರುವ ಹೊತ್ತಿಗೆ ಬಿಸಿಲು ಇಳಿದಿತ್ತು. ನನ್ನ ಎರಡೂ ಕೈ ನನ್ನವಲ್ಲ ಅನ್ನಿಸುವಷ್ಟು ಸೋತಿದ್ದವು. ನಾನು ಇಳಿದೆ, ಅಕ್ಕ ಕೂತಿರುವಂತೆಯೇ ದೋಣಿಯನ್ನು ಇಬ್ಬರೂ ದಂಡೆಗೆ ಎಳೆದೆವು. "ಬಾ ಅಕ್ಕಾ" ಎಂದು ಕೈ ಚಾಚಿದೆ. ಅವಳು ಏಳಲು ನೋಡಿದಳು. ಮೊಣಕಾಲು ಮಡಚಲೊಲ್ಲದು. ಮಡಚದೆ ಚೌಕಟ್ಟಿನಡಿಯಿಂದ ಕಾಲು ಹೊರಗೆ ಬಾರದು. ರಟ್ಟೆ ಹಿಡಿದು ಎತ್ತಿದರೆ ದೋಣಿಯೂ ಅವಳ ಜೊತೆಗೇ ಎದ್ದಿತು. ಇನ್ನೊಮ್ಮೆ ಎತ್ತಿದಾಗ ಅವಳು "ಯವ್ವಾ" ಎಂದು ಕಣ್ಣು ಮುಚ್ಚಿಕೊಂಡಳು. ನಾವು ಕೈಬಿಟ್ಟೆವು.

"ಬಿಡ್ರಿ. ಕುಂಡರ್ತೇನಿ ಹಿಂಗ" ಎಂದಳು ಹೊಳೆಯ ಕಡೆ ನೋಡುತ್ತ. "ನನಗ ರೂಢಿ ಐತಿ."

"ಏನು ರೂಢಿ?"

"ಕುಣಿಯಾಗ. ಎರಡ ವರ್ಷ ಆತು, ನನ್ನಷ್ಟಕ್ಕ ನಾ ಎದ್ದಿಲ್ಲ. ಮುಂಜಾನಿ ಸೊಸಿ ಇಳಿಸಿ ಪವರ್‌ಲೂಮಿಗೆ ಹೋಗ್ತಾಳ. ಸಂಜಿಕ ಬಂದು ಎಬ್ಬಸ್ತಾಳ. ನಡುವ ಏನ್ ಮಾಡಲಿ? ನೇಯ್ತೇನಿ."

ಮೈಬೂಸಾಬ ಮುಖ ತಿರುಗಿಸಿ ಗಾಡಿಯ ಕಡೆ ಹೋದ.

"ಮತ್ತ... ಬಚ್ಚಲಕ?" ಎಂದೆ.

"ಅದಕ್ಕಽ ನೀರು ಕುಡಿಯೂದು ಬಿಟ್ಟೇನಿ."

ಇಡೀ ಕೇರಿ ಹೊಗಳಿತ್ತು, ಚಹಾಕ್ಕೂ ಏಳದ ಹೆಣ್ಣುಮಗಳೆಂದು. ನಾನೂ ಎದೆಯುಬ್ಬಿಸಿದ್ದೆ. ಜಗತ್ತಿನಲ್ಲಿ ಆಗಬಹುದಾದ ಕೆಡುಕುಗಳನ್ನೆಲ್ಲ ಮುಂಚಿತವಾಗಿ ಚಿಂತಿಸಿ ಇಡುವವನು ನಾನು. ಇದೊಂದು ನನ್ನ ಚಿಂತೆಯ ಬಲೆಗೆ ಬಿದ್ದೇ ಇರಲಿಲ್ಲ. ದೋಣಿಯ ಹಿಂದಕ್ಕೆ ಹೋಗಿ ಮೊದಲ ಚೌಕಟ್ಟಿನ ಕೀಲು ಬಿಚ್ಚಿದೆ.

"ಏನ್ ಮಾಡಾಕತ್ತಿ?"

"ಮಡಚಾಕತ್ತೇನಿ."

"ನಾ ಒಳಗ ಇದ್ದೇನಲ್ಲೋ!"

"ಇರು."

ಬಾಲದ ಚೌಕಟ್ಟು ಬಂತು, ಅದರ ಮುಂದಿನದು ಬಂತು. ಮೂತಿಯ ಕಡೆಯಿಂದ ಮೈಬೂಸಾಬ ಬಂದು ಕೈಹಾಕಿದ. ಉದ್ದನೆಯ ಕೋಲುಗಳನ್ನು ಒಂದೊಂದಾಗಿ ಎಳೆದೆವು. ಅಕ್ಕನ ಕಾಲ ಮೇಲಿದ್ದ ಚೌಕಟ್ಟನ್ನು ಕಡೆಗೆ, ಮೆಲ್ಲಗೆ, ಓರೆ ಮಾಡಿ ತೆಗೆದೆ. ಎರಡೂ ಬದಿಯ ಗೋಡೆ ಉಸಿರು ಬಿಟ್ಟಂತೆ ಕೆಳಗೆ ಬಿತ್ತು. ದೋಣಿ ಇರಲಿಲ್ಲ. ಎರೆಮಣ್ಣಿನ ಮೇಲೆ ಹಾಸಿದ ಒಂದು ಒದ್ದೆ ಬಟ್ಟೆಯ ನಡುವೆ ಅಕ್ಕ ಕಾಲು ಚಾಚಿ ಕೂತಿದ್ದಳು, ಬುತ್ತಿ ಉಣ್ಣಲು ಕೂತವರ ಹಾಗೆ. ಇಬ್ಬರೂ ಹಿಂದಿನಿಂದ ಕಂಕುಳಿಗೆ ಕೈಕೊಟ್ಟು ಎತ್ತಿದೆವು. ಕಾಲು ಮಡಚುವ ಪ್ರಸಂಗವೇ ಬರಲಿಲ್ಲ. ಎದ್ದು ನಿಂತಳು.

ನಿಂತು, ಬಿಡಿಬಿಡಿಯಾಗಿ ಬಿದ್ದಿದ್ದ ಕೋಲು, ಚೌಕಟ್ಟುಗಳನ್ನು ಬಹಳ ಹೊತ್ತು ನೋಡಿದಳು. "ಮಗ್ಗಾನೂ ಹಿಂಗ ಬಿಚ್ಚಾಕ ಬರತೈತೇನೋ?"

"ಬರತೈತಿ."

"ಈಗಿರೂ ಸೀರಿ ಮುಗಸ್ತೇನಿ. ಮುಗದ ದಿನ ನೀನಽ ಬಾ. ಬ್ಯಾರೆ ಯಾರೂ ಬ್ಯಾಡ. ನಾ ಒಳಗ ಕುಂತಿರ್ತೇನಿ, ನೀ ಸುತ್ತಲಿಂದ ತಗೀತಾ ಬಾ." ಗಾಡಿ ಹತ್ತುವಾಗ, "ಆಮ್ಯಾಲ ದವಾಖಾನಿ" ಎಂದಳು.

ದೋಣಿಯನ್ನು ಒಣಗಿಸದೆ ಚೀಲಕ್ಕೆ ತುರುಕಿದ್ದು ನನ್ನ ಸೋಮಾರಿತನ. ಮೀನು ತಿಂದುಳಿದ ಗಂಜಿ ಒಳಪದರಲ್ಲಿ ಒಣಗಿ, ಈಗ ನನ್ನ ತಲೆಯ ಮೇಲೆ ಉದುರುತ್ತಿದೆ. ಸುಮಿತ್ರಾ ಬಯ್ಯುತ್ತಾಳೆ. ಒರೆಸಲು ನನಗೇಕೋ ಮನಸ್ಸಿಲ್ಲ.

ಸೀರೆ ಮುಗಿಯಿತೆಂದು ಅಕ್ಕ ಫೋನು ಮಾಡಿದ ಭಾನುವಾರ ಅಮೀನಗಡದ ಮೇಲಿಂದ ಇಳಕಲ್ಲಿಗೆ ಹೋದೆ. ನಾನು ಹೋಗುವಷ್ಟರಲ್ಲಿ ಸೊಸೆ ಅವಳನ್ನು ಕುಣಿಗೆ ಇಳಿಸಿ ಆಗಿತ್ತು. ಮುಗಿದ ಸೀರೆ ಮಡಿಕೆಯಾಗಿ ಬದಿಗಿತ್ತು. ನಾನು ಹಿಂದಿನಿಂದ ಶುರು ಮಾಡಿದೆ. ಹಗ್ಗ ಬಿಚ್ಚಿದೆ, ಎಳೆ ಬಡಿಯುವ ಹಣಿಗೆ ತೆಗೆದೆ, ಅಪ್ಪನ ಎದೆ ತಾಗಿ ತಾಗಿ ನುಣುಪಾಗಿ, ಆಮೇಲೆ ಅಕ್ಕನ ಎದೆ ತಾಗಿ ಇನ್ನೂ ನುಣುಪಾಗಿದ್ದ ಮುಂದಿನ ಮರವನ್ನು ತೆಗೆದು ಗೋಡೆಗೆ ಒರಗಿಸಿದೆ. ಅಕ್ಕ ಲಾಳಿಯೊಂದನ್ನು ಮಾತ್ರ ತಾನೇ ಎತ್ತಿ ಮಡಿಲಲ್ಲಿ ಇಟ್ಟುಕೊಂಡಳು. ಕಡೆಗೆ ಸುತ್ತ ಏನೂ ಉಳಿಯಲಿಲ್ಲ. ಕುಣಿ, ಅದರಲ್ಲಿ ಕಾಲು ಇಳಿಬಿಟ್ಟ ಅಕ್ಕ, ಅಷ್ಟೇ.

ನಾನು ಕೈ ಚಾಚಿದೆ. ಅವಳು ಹಿಡಿಯಲಿಲ್ಲ.

"ತಡಿ. ಮೊದಲ ಒಂದ ತಂಬಗಿ ನೀರು ಕೊಡು."

ಸೊಸೆ ತಂದುಕೊಟ್ಟಳು. ಅಕ್ಕ ಕುಣಿಯಲ್ಲಿ ಕೂತೇ ತಲೆಯೆತ್ತಿ, ತಂಬಿಗೆಯನ್ನು ತುಟಿಗೆ ತಾಕಿಸದೆ ಎತ್ತಿ ಹಿಡಿದು, ತಳ ಕಾಣುವವರೆಗೂ ಗಟಗಟ ಕುಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು ತಂಬಿಗೆಯನ್ನು ನನ್ನ ಕೈಗೆ ಕೊಟ್ಟಳು.

"ಹಾಂ, ಈಗ ಎಬ್ಬಸು."